ಜ್ವರವೂ ಅಲ್ಲ, ಹುಚ್ಚೂ ಅಲ್ಲ

ಹೆಬ್ಬಾಳದ ಸಲೂನಿನಲ್ಲಿ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದೆ. ಪಕ್ಕದ ಕುರ್ಚಿಯವನು ಕನ್ನಡಿಯಲ್ಲೇ ನನ್ನನ್ನು ದಿಟ್ಟಿಸಿದ.

“ಸಾರ್, ಆರ್.ಟಿ. ನಗರದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದೋರು ನೀವೇ ಅಲ್ವಾ? ನಿಮ್ಮನ್ನ ಟೀವೀಲಿ ನೋಡ್ದೆ. ಯಾವ್ದೋ ಹಳೇ ಡಾಕ್ಯುಮೆಂಟರಿ ಹಾಕಿದ್ರು. ಆ ರಾಕ್ ಸಿಂಗರ್‌ದು.”

ಹೌದೆಂದು ತಲೆಯಾಡಿಸಿದೆ.

“ಪಾಪ, ಕುಡ್ದು ಕುಡ್ದು ಹುಚ್ಚು ಹಿಡೀತಂತಲ್ಲ ಸಾರ್ ಆಯಪ್ಪಂಗೆ? ಸ್ಟೇಜ್ ಮೇಲೇನೇ?”

“ಪೂರ್ತಿ ನೋಡಿದ್ರಾ?”

“ಇಲ್ಲ ಸಾರ್, ಅರ್ಧಕ್ಕೆ ಕರೆಂಟ್ ಹೋಯ್ತು.”

ಗಂಟಲ ಮೇಲೆ ಕತ್ತಿ ಇರುವಾಗ ವಾದಕ್ಕಿಳಿಯಬಾರದು. ಈಗ ಗಡ್ಡ ಆಗಿದೆ, ಕೈಯಲ್ಲಿ ಪೆನ್ನಿದೆ, ಹೇಳುತ್ತೇನೆ. ಅರ್ಧ ಸಿನಿಮಾ ನೋಡಿ ಒಬ್ಬ ಮನುಷ್ಯನಿಗೆ ಬೆಲೆ ಕಟ್ಟುವುದೆಂದರೆ, ಮೇಲಿನ ಸಾಲು ನೋಡಿ ಮಾವಿನ ಬುಟ್ಟಿ ಕೊಂಡ ಹಾಗೆ. ಯಶವಂತಪುರದ ಮಂಡಿಯಲ್ಲಿ ಒಂದು ವಾರ ಓಡಾಡಿದವನೂ ಹಾಗೆ ಕೊಳ್ಳುವುದಿಲ್ಲ. ಕೈ ಹಾಕಿ ತಳದ ಹಣ್ಣು ತೆಗೆದು ನೋಡುತ್ತಾನೆ.

ಆ ಹಾಡುಗಾರನ ಹೆಸರು ಬರೆಯುವುದಿಲ್ಲ. ಅವನಿಗೆ ಹೆಸರು ಬೇಕಾಗಿದ್ದ ಕಾಲದಲ್ಲಿ ಯಾರೂ ಕೊಡಲಿಲ್ಲ. ಈಗ ಕೇಳೋಣವೆಂದರೆ ಅವನಿಲ್ಲ. ಕೇಳದೆ ಇನ್ನೊಬ್ಬರ ಹೆಸರನ್ನು ಬಳಸುವುದು ನನ್ನ ವ್ಯಾಪಾರದ ರೀತಿಯಲ್ಲ.

ಅವನು ನನ್ನ ಅಂಗಡಿಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ಆರ್.ಟಿ. ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನನ್ನ ಅಂಗಡಿ ಎಂದರೆ ಒಂದು ಆಂಪ್ಲಿಫಯರು, ಎರಡು ಹಾರ್ನು, ಒಂದು ಹಳೆಯ ಸ್ಪೀಕರ್ ಪೆಟ್ಟಿಗೆ, ಅವನ್ನೆಲ್ಲ ಹೊರಲು ಒಂದು ಸೈಕಲ್ಲು. ಮದುವೆ, ನಾಮಕರಣ, ಬೀದಿಯಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸುವುದು, ಇಷ್ಟೇ ನನ್ನ ಗಿರಾಕಿಗಳು. ಒಂದು ಬೆಳಿಗ್ಗೆ ಇವನು ಬಂದು ನಿಂತ. ಹೆಗಲವರೆಗೆ ಕೂದಲು, ರಸ್ತೆ ಗುಡಿಸುವಂಥ ಬೆಲ್‌ಬಾಟಮ್, ಹಣೆಯ ತುಂಬ ವಿಭೂತಿ. ಈ ಮೂರನ್ನೂ ಒಂದೇ ಮೈಮೇಲೆ ನಾನು ನೋಡಿದ್ದು ಅದೇ ಮೊದಲು. ಊರು ಗದಗದ ಕಡೆ. ಕೆಲಸ ಯಲಹಂಕದಾಚೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ. ಮನೆ ಗಂಗಾನಗರದಲ್ಲಿ ಒಂದು ಔಟ್‌ಹೌಸು. ಭಾನುವಾರ ಬಂದರೆ ಇಂಗ್ಲಿಷ್ ಹಾಡುವ ಬ್ಯಾಂಡಿನ ಮುಖ್ಯ ಗಾಯಕ.

“ಸ್ಪೀಕರ್ ಬೇಕಾಗಿತ್ತರೀ ಮಾಲಕ್ರ. ಗಿಟಾರಿಗೆ.”

ಬಾಡಿಗೆ ಹೇಳಿದೆ. ಸರಿ ಎಂದ. ನನಗೆ ಗಾಬರಿಯಾಯಿತು. ಚೌಕಾಸಿ ಮಾಡದ ಗಿರಾಕಿಯ ಬಗ್ಗೆ ಹುಷಾರಾಗಿರಿ: ಒಂದೋ ಅವನಿಗೆ ಸಾಮಾನು ವಾಪಸು ಕೊಡುವ ಯೋಚನೆ ಇರುವುದಿಲ್ಲ, ಇಲ್ಲವೇ ಅವನ ತಲೆ ಬೇರೆಲ್ಲೋ ಇರುತ್ತದೆ. ಇವನು ಎರಡನೆಯ ಜಾತಿ. ಆದರೂ ಮುನ್ನೆಚ್ಚರಿಕೆಗೆ, ಇದ್ದುದರಲ್ಲಿ ಅತ್ಯಂತ ಕೆಟ್ಟದ್ದನ್ನೇ ತೋರಿಸಿದೆ. ಆ ಹಳೆಯ ಪೆಟ್ಟಿಗೆಯೊಳಗೆ ಸದ್ದು ಹೊರಡಿಸುವ ಕಾಗದವನ್ನು ಇಲಿ ಕಡಿದು ಹಾಕಿತ್ತು. ಅವನು ತಾನು ತಂದಿದ್ದ ಗಿಟಾರು ಸಿಕ್ಕಿಸಿ ತಂತಿ ಮೀಟಿದ್ದೇ ತಡ, ಲೋಡು ತುಂಬಿದ ಲಾರಿ ಫಸ್ಟ್ ಗೇರಿನಲ್ಲಿ ದಿಣ್ಣೆ ಹತ್ತುವಾಗ ಬರುವಂಥ ಸದ್ದು ಬಂತು. ಪಕ್ಕದ ಹಿಟ್ಟಿನ ಗಿರಣಿಯವನು ಓಡಿಬಂದ. ನಾನು ಸಮಜಾಯಿಷಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇವನ ಕಣ್ಣು ಅರಳಿತ್ತು.

“ಮಾಲಕ್ರ! ಇದನ್ನ ಯಾರ್ ಮಾಡ್ಯಾರ?”

“ಇಲಿ.”

“ಅದಕ್ಕೊಂದು ನಮಸ್ಕಾರ ಹೇಳ್ರಿ. ಫಾರಿನ್ನಿನ್ಯಾಗ ಈ ಸೌಂಡ್ ಸಲುವಾಗಿ ಮಷೀನಾ ಮಾಡ್ಯಾರ!”

ಅಂದಿನಿಂದ ಆ ಪೆಟ್ಟಿಗೆಯನ್ನು ಮದುವೆಗಳಿಗೆ ಕೊಡುವುದು ನಿಲ್ಲಿಸಿ ಅವನಿಗೇ ಎತ್ತಿಟ್ಟೆ. ಬಾಡಿಗೆಯನ್ನೂ ಕೊಂಚ ಏರಿಸಿದೆ. ಹರಿದ ಸ್ಪೀಕರಿಗೆ ಹೆಚ್ಚು ಬಾಡಿಗೆ ಪಡೆದ ವ್ಯಾಪಾರಿ ಈ ಬೆಂಗಳೂರಿನಲ್ಲಿ ಇನ್ನೊಬ್ಬ ಇರಲಾರ. ನಿಮ್ಮ ಸಾಮಾನಿನಲ್ಲಿ ಊನವಿದ್ದರೆ ಮುಚ್ಚಿಡಲು ಹೋಗಬೇಡಿ. ಆ ಊನವೇ ಬೇಕಾದವನು ಎಲ್ಲೋ ಇರುತ್ತಾನೆ, ಅವನು ಬರುವವರೆಗೆ ಕಾಯಿರಿ.

ಮೈಕು ಕೈಗೆ ಬಂದರೆ ಎಲ್ಲರೂ “ಹಲೋ, ಮೈಕ್ ಟೆಸ್ಟಿಂಗ್” ಎನ್ನುತ್ತಾರೆ. ಇವನು ಕಣ್ಣು ಮುಚ್ಚಿ, ಮಂತ್ರ ಹೇಳುವವನಂತೆ, “ರೊಟ್ಟಿ. ಜುಣಕದ ವಡಿ. ಶೇಂಗಾ ಚಟ್ನಿ. ಕೆನಿ ಮೊಸರು” ಎನ್ನುತ್ತಿದ್ದ. ಯಾಕೆಂದು ಕೇಳಿದೆ. ಎಲ್ಲ ಅಕ್ಷರಗಳ ಪರೀಕ್ಷೆಯೂ ಅದರಲ್ಲೇ ಆಗುತ್ತದಂತೆ. “ಮತ್ತ ಹಸಿವೂ ಆಕ್ಕೈತ್ರಿ. ಹಸದ ಹೊಟ್ಟಿಲೆ ಹಾಡಿದ್ರ ದನಿ ಮ್ಯಾಲೆ ಹೊಕ್ಕೈತಿ” ಎಂದ. ಅವನ ದನಿ ಹಾಗೆಯೇ ಇತ್ತು. ಪಕ್ಕದ ಮನೆಯವರನ್ನು ಕರೆಯುವ ಹಾಗೆ ತಗ್ಗಿನಲ್ಲಿ ಶುರುವಾಗಿ, ನೋಡನೋಡುತ್ತಾ ಮಹಡಿ ಹತ್ತಿ, ಅಲ್ಲಿಂದ ಊರನ್ನೇ ಕರೆಯುತ್ತಿತ್ತು.

ಒಮ್ಮೆ ಗಂಗಾನಗರದ ಗಣೇಶನ ಪೆಂಡಾಲಿನಲ್ಲಿ, ಭಜನೆಯವರು ತಡಮಾಡಿದರೆಂದು, ಇವನನ್ನು ಹತ್ತಿಸಿದೆ. ದೇವರಿಗೆ ಮೊದಲು ಕೈಮುಗಿದು, ಆಮೇಲೆ ಆ ಇಲಿ ಕಡಿದ ಸ್ಪೀಕರಿನಲ್ಲಿ ಒಂದು ಇಂಗ್ಲಿಷ್ ಹಾಡು ಹಾಡಿಯೇಬಿಟ್ಟ. ಹಾಡು ಮುಗಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಬಂದು, “ಗಂಟ್ಲು ನೋವಿದ್ರೆ ಬಿಸಿನೀರಿಗೆ ಉಪ್ಪು ಹಾಕ್ಕೊಂಡು ಮುಕ್ಕಳಿಸಪ್ಪ, ಹಿಂಗೆ ಕಷ್ಟಪಡ್ಬೇಡ” ಎಂದರು. ಅವನು ಬಗ್ಗಿ ಅವರ ಕಾಲು ಮುಟ್ಟಿ, “ಆತ್ರೀ ಅಮ್ಮಾರ” ಎಂದ. ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು.

ಇಷ್ಟೆಲ್ಲ ಸಾಧು ಸ್ವಭಾವದವನನ್ನು ಕೆಡಿಸಿದ್ದು ಒಂದು ಮಾತು. ಅದು ಅರ್ಥವಾಗಬೇಕಾದರೆ ಅವನ ಅವ್ವನ ವಿಷಯ ಹೇಳಬೇಕು. ಆಕೆ ನಾಟಕ ಕಂಪನಿಯಲ್ಲಿ ಹಾಡುವ ನಟಿ. ಇವನ ತೊಟ್ಟಿಲು ಕಟ್ಟಿದ್ದೇ ಪರದೆಯ ಹಿಂದೆ, ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ. ಕಂಪನಿ ನಾಟಕದಲ್ಲಿ ಜನ “ಒನ್ಸ್ ಮೋರ್” ಎಂದು ಕೂಗಿದರೆ ಇನ್ನೊಂದು ಹಾಡು ಹಾಡಿ ಎಂದಲ್ಲ. ಅದೇ ಹಾಡನ್ನು ಮೊದಲಿನಿಂದ ಹಾಡಿ ಎಂದು. ಹಾಡಲೇಬೇಕು. ರಾಣಿ ವಿಷ ಕುಡಿದು, ಹಾಡಿ, ಬಿದ್ದು ಸತ್ತಿದ್ದರೂ ಎದ್ದು, ಸೀರೆ ಕೊಡವಿಕೊಂಡು, ಮತ್ತೆ ಹಾಡಿ, ಮತ್ತೆ ಸಾಯಬೇಕು.

“ನಮ್ಮವ್ವ ಒಂದಾ ಆಟದಾಗ ಮೂರ್ ಸಲ ಸತ್ತಾಳ್ರೀ ಮಾಲಕ್ರ” ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ. “ಕೇಳಿದವರಿಗೆ ಇಲ್ಲ ಅನಬಾರ್ದು ಅಂತಿದ್ಲು. ಅವ್ರು ರೊಕ್ಕ ಕೊಟ್ಟಾರ ಅಂತಲ್ಲ, ಬಾಯಿ ಬಿಟ್ಟು ಕೇಳ್ಯಾರ ಅಂತ.”

ಎಂಬತ್ತರ ದಶಕ ಶುರುವಾಗಿತ್ತು. ಒಂದು ಕಾಲೇಜಿನ ಮೈದಾನದಲ್ಲಿ ರಾಕ್ ಬ್ಯಾಂಡುಗಳ ಸ್ಪರ್ಧೆ. ಮೈಕ್‌ಸೆಟ್ಟು ನನ್ನದೇ. ಇವನು ತಾನೇ ಕಟ್ಟಿದ ಹಾಡೊಂದನ್ನು ಹಾಡಿದ. ಹುಡುಗರು ಕುಣಿದುಬಿಟ್ಟರು. “ಒನ್ಸ್ ಮೋರ್! ಒನ್ಸ್ ಮೋರ್!” ಅವರು ಕೇಳಿದ್ದು ಇನ್ನೊಂದು ಹಾಡನ್ನು. ಇವನು ಕೈಮುಗಿದು, ಅದೇ ಹಾಡನ್ನು ಮೊದಲಿನಿಂದ ಶುರುಮಾಡಿದ. ಹುಡುಗರು ಮುಖಮುಖ ನೋಡಿಕೊಂಡರು, ಆದರೂ ಚಪ್ಪಾಳೆ ಹೊಡೆದರು. ಮುಗಿದಾಗ ಯಾವನೋ ಕಿಲಾಡಿ ಬೇಕೆಂದೇ ಮತ್ತೆ “ಒನ್ಸ್ ಮೋರ್” ಎಂದ. ಇವನು ಮತ್ತೆ ಮೊದಲಿನಿಂದ ಹಾಡಿದ. ಆಮೇಲೆ ಮೈದಾನವೆಲ್ಲ ಅದನ್ನೇ ಆಟ ಮಾಡಿಕೊಂಡಿತು.

“ಮಚ್ಚಾ, ಸಾಕೋ! ನೆಕ್ಸ್ಟ್ ಸಾಂಗ್ ಹೋಗೋ!” ಎಂದು ಡ್ರಮ್ಮಿನವನು ಹಿಂದಿನಿಂದ ಕಿರುಚಿದ.

“ಕೇಳಾಕತ್ತಾರಲ್ಲೋ” ಎಂದ ಇವನು, ತಿರುಗದೆಯೇ.

ಡ್ರಮ್ಮಿನವನು ಕೋಲು ಬಿಸಾಕಿ ಇಳಿದುಹೋದ. ಉಳಿದವರೂ ವೈರು ಕಿತ್ತುಕೊಂಡು ಹೊರಟರು. ಇವನು ಒಬ್ಬನೇ ಕಣ್ಣು ಮುಚ್ಚಿ ಹಾಡುತ್ತಿದ್ದ. ಕಾಲೇಜಿನ ಸೆಕ್ರೆಟರಿ ಹುಡುಗ ನನ್ನ ಹತ್ತಿರ ಓಡಿಬಂದ. “ಸಾರ್, ಆಫ್ ಮಾಡಿ ಸಾರ್! ಅವ್ರಿಗೇನೋ ಆಗೋಗಿದೆ!” ನಾನು ಆಫ್ ಮಾಡಲಿಲ್ಲ. ಹಾಡುವವನು ನಿಲ್ಲಿಸುವ ಮೊದಲು ಮೈಕು ನಿಲ್ಲಿಸಿದರೆ ನಾಳೆ ಯಾವ ಗಾಯಕ ನನ್ನ ಅಂಗಡಿಗೆ ಬಂದಾನು?

ಮರುದಿನ ಊರೆಲ್ಲ ಒಂದೇ ಸುದ್ದಿ: ಅವನು ಕುಡಿದಿದ್ದ, ಸ್ಟೇಜಿನ ಮೇಲೆಯೇ ತಲೆ ಕೆಟ್ಟಿತು, ಒಂದೇ ಹಾಡಿಗೆ ಸಿಕ್ಕಿಹಾಕಿಕೊಂಡ. ಆ ಸಂಜೆ ಅವನ ಹೊಟ್ಟೆಯಲ್ಲಿದ್ದದ್ದು ನನ್ನ ಫ್ಲಾಸ್ಕಿನ ಶುಂಠಿ ಟೀ ಮಾತ್ರ. ಬಗ್ಗಿಸಿಕೊಟ್ಟವನು ನಾನೇ. ಕಂಡಕಂಡವರಿಗೆ ಹೇಳಿದೆ, ಯಾರೂ ಕೇಳಲಿಲ್ಲ. ಟೀ ಕುಡಿದು ಹಾಡಿದ ಎಂಬ ಸುದ್ದಿಯನ್ನು ಯಾರು ಕೊಳ್ಳುತ್ತಾರೆ? ಬ್ಯಾಂಡು ಒಡೆಯಿತು. ಕರೆಯುವವರು ನಿಂತರು. ಆಮೇಲೆ ಅವನು ನಿಜವಾಗಿಯೂ ಕುಡಿಯತೊಡಗಿದ.

ಅವನ ಹೆಂಡತಿಯೂ ಗದಗದ ಕಡೆಯವಳೇ. ಹತ್ತಿರದ ಒಂದು ನರ್ಸರಿ ಶಾಲೆಯಲ್ಲಿ ಟೀಚರು. ಇವನು ಕೆಲಸಕ್ಕೆ ಹೋಗದ ದಿನ ಕಾರ್ಖಾನೆಯಿಂದ ಯಾರಾದರೂ ವಿಚಾರಿಸಿಕೊಂಡು ಬಂದರೆ ಬಾಗಿಲಲ್ಲಿ ನಿಂತು, “ಜ್ವರ ಬಂದಾವ್ರಿ” ಎನ್ನುವಳು. ಮನೆ ಓನರಿಗೂ ಜ್ವರ, ಹಾಲಿನವನಿಗೂ ಜ್ವರ, ನನಗೂ ಜ್ವರ. ಇಡೀ ಗಂಗಾನಗರದಲ್ಲಿ ಅಷ್ಟು ಜ್ವರ ಬಂದ ಮನುಷ್ಯ ಇನ್ನೊಬ್ಬನಿರಲಿಲ್ಲ. ಒಮ್ಮೆ ಆಕೆ ನನಗೆ “ಜ್ವರದಾಗ ಮಲಗ್ಯಾರ್ರಿ” ಎನ್ನುತ್ತಿರುವಾಗಲೇ ಒಳಗಿನಿಂದ ಪೂರ್ತಿ ಗಂಟಲಿನಲ್ಲಿ ಹಾಡು ಬಂತು. ಇಬ್ಬರೂ ಕೇಳಿಸದವರಂತೆ ನಿಂತಿದ್ದೆವು. ಆಕೆಯ ಕಿವಿ ಕೆಂಪಾದದ್ದು ನನಗೆ ನೆನಪಿದೆ.

ಒಟ್ಟಿನಲ್ಲಿ, ಕುಡಿಯದ ದಿನ ಕುಡಿದಿದ್ದಾನೆ ಎಂದರು. ಕುಡಿದ ದಿನ ಜ್ವರ ಎಂದರು. ಅವನ ಬಗ್ಗೆ ಊರಿಗೆ ಸರಿಯಾದ ಸುದ್ದಿ ಒಂದು ದಿನವೂ ಸಿಗಲಿಲ್ಲ.

ಒಂದು ದಿನ ಆಕೆ ಟ್ರಂಕು ಹಿಡಿದು ತವರಿಗೆ ಹೊರಟಳು. ಜಗಳವಿಲ್ಲ, ಕೂಗಾಟವಿಲ್ಲ. ಆಟೋ ನನ್ನ ಅಂಗಡಿಯ ಮುಂದೆಯೇ ಹೋಗಬೇಕಿತ್ತು. ನಿಲ್ಲಿಸಿ, “ಇನ್ನ ನನ್ನ ಕೈಲೇ ಆಗೂದಿಲ್ರಿ ಅಣ್ಣಾರ, ಅವರನ್ನ ನೋಡ್ಕೋರಿ” ಎಂದಳು, ಅಷ್ಟೇ. ಕುಡಿತ ತಾಳಲಾರದೆ ಹೋದಳೆಂದು ಎಲ್ಲರೂ ತಿಳಿದೆವು. ಅವನೂ ಹಾಗೆಯೇ ತಿಳಿದ, ಕುಡಿಯುವುದನ್ನು ಬಿಟ್ಟ.

ಬಿಟ್ಟದ್ದು ಹೇಗೆ ಎಂದು ಕೇಳುವವರಿಗೆ ಹೇಳುತ್ತೇನೆ: ಸಂಜೆಯಾದರೆ ಕೈಗೆ ಕೆಲಸ ಕೊಡಬೇಕು. ಕಾರ್ಖಾನೆ ಬಿಟ್ಟ ಕೂಡಲೇ ಅವನು ನನ್ನ ಅಂಗಡಿಗೆ ಬಂದು ವೈರು ಸುತ್ತಲು ಕೂರುತ್ತಿದ್ದ. ಮೈಕ್‌ಸೆಟ್ಟಿನ ವೈರು ಎಷ್ಟು ಸುತ್ತಿದರೂ ಮುಗಿಯುವುದಿಲ್ಲ; ಮುಗಿದರೆ ನಾನೇ ಗಂಟು ಹಾಕಿ ಮತ್ತೆ ಅವನ ಮುಂದೆ ಹಾಕುತ್ತಿದ್ದೆ. ಅವನಿಗದು ಗೊತ್ತಿತ್ತು. ಸುತ್ತುತ್ತ ದಿನವೂ ಒಂದೇ ಪ್ರಶ್ನೆ.

“ಬರ್ತಾಳೇನ್ರಿ ಮಾಲಕ್ರ?”

“ಬರ್ತಾಳೆ ಗುರುವೇ. ನೀನು ನೆಟ್ಟಗಿರು.”

ಗದಗಕ್ಕೂ ಹೋಗಿ ಬಂದ. ಆಕೆ ಹೊರಗೆ ಬರಲಿಲ್ಲ. ಅಣ್ಣ ಮಾತ್ರ ಬಂದು, “ನೋಡೂಣ” ಎಂದನಂತೆ. ಆ ಅಣ್ಣ ಮೆಣಸಿನಕಾಯಿ ದಲಾಲ. ದಲಾಲ “ನೋಡೂಣ” ಎಂದರೆ ಇಲ್ಲ ಎಂದು ಅರ್ಥ. ಆದರೆ ಬಾಗಿಲು ಪೂರ್ತಿ ಹಾಕಿಲ್ಲ ಎಂದೂ ಅರ್ಥ. ನನಗೆ ಅಷ್ಟೇ ಸಾಕಿತ್ತು.

ಆಗ ಬಂದಳು ಡೈರೆಕ್ಟರ್ ಹುಡುಗಿ. ಸಿನಿಮಾ ಓದಿಕೊಂಡು ಬಂದವಳು, ಜುಬ್ಬಾ, ಜೋಳಿಗೆ, ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ. ಕಾಲೇಜಿನ ಆ ಸಂಜೆ ಆಕೆಯೂ ಮೈದಾನದಲ್ಲಿದ್ದಳಂತೆ. ಅವನ ಮೇಲೆ ಡಾಕ್ಯುಮೆಂಟರಿ ಮಾಡಬೇಕು ಎಂದಳು. ಅವನು ಹೂಂ ಎಂದುಬಿಟ್ಟ. ಕೇಳಿದವರಿಗೆ ಇಲ್ಲವೆನ್ನುವ ಅಭ್ಯಾಸ ಇಲ್ಲವಲ್ಲ. ನಾನು ಮಧ್ಯೆ ಬಂದೆ.

“ಏನೇನು ತೋರಿಸ್ತೀಯಮ್ಮ?”

“ಹಿಸ್ ಸ್ಟ್ರಗಲ್, ಅಂಕಲ್. ಅವ್ರ ನೋವು, ಒಂಟಿತನ, ಕುಡಿತ. ಒಂದು ಬಾಟ್ಲಿ ಹಿಡ್ಕೊಂಡು ಕಿಟಕೀಲಿ ಕೂತಿರೋ ಶಾಟ್ ಬೇಕೇ ಬೇಕು. ಬಾಟ್ಲೀಲಿ ಟೀ ಡಿಕಾಕ್ಷನ್ ಹಾಕೋಣ.”

“ಬಾಟ್ಲಿ ಆಗಲ್ಲ.”

“ಕುಡಿತ ಇಲ್ದೆ ಸತ್ಯ ಹೆಂಗೆ ಬರತ್ತೆ ಅಂಕಲ್?”

“ಸತ್ಯ ಬರ್ಲಿ ಕಣಮ್ಮ, ಬಾಟ್ಲಿ ಬೇಡ. ಗದಗದಲ್ಲಿ ಅವನ ಹೆಂಡತಿ ಇದಾಳೆ, ಅವಳ ಅಣ್ಣ ಇದಾನೆ. ಅವ್ರು ನೋಡ್ತಾರೆ. ಬಾಟ್ಲಿ ಕಂಡ್ರೆ ಮುಗೀತು, ಆಯಮ್ಮ ಈ ಜನ್ಮಕ್ಕೆ ಬರಲ್ಲ.”

ಜೀವನವೆಲ್ಲ ನಾನು ಬಾಡಿಗೆಗೆ ಚೌಕಾಸಿ ಮಾಡಿದವನು. ಶಾಟುಗಳಿಗೆ ಚೌಕಾಸಿ ಮಾಡಿದ್ದು ಅದೊಂದೇ ಸಲ. ಸೂತ್ರ ಸುಲಭ: ಒಂದು ಅಳುವ ಶಾಟಿಗೆ ಒಂದು ನಗುವ ಶಾಟು. ಹೆಬ್ಬಾಳ ಕೆರೆಯ ದಂಡೆಯಲ್ಲಿ ಒಬ್ಬನೇ ನಡೆಯುವುದು ಅವಳಿಗೆ. ಅದಕ್ಕೆ ಬದಲಾಗಿ, ಟಿಫಿನ್ ಡಬ್ಬಿ ಹಿಡಿದು ಕಾರ್ಖಾನೆಯ ಗೇಟಿನಲ್ಲಿ ಸರಿಯಾದ ಹೊತ್ತಿಗೆ ಒಳಹೋಗುವುದು ನನಗೆ. ಖಾಲಿ ಸ್ಟೇಜು ಅವಳಿಗೆ. ತಾನೇ ಹಿಟ್ಟು ನಾದಿ ಜೋಳದ ರೊಟ್ಟಿ ಬಡಿಯುವುದು ನನಗೆ. ಕಾಲೇಜಿನ ಸಂಜೆಯ ಬಗ್ಗೆ, ಒನ್ಸ್ ಮೋರ್ ಎಂದರೇನೆಂದು ನಾನು ಕ್ಯಾಮೆರಾ ಮುಂದೆ ಹೇಳುತ್ತೇನೆ. ಅವನೂ ಆ ದಿನ ಕುಡಿದಿರಲಿಲ್ಲವೆಂದು ಹೇಳುತ್ತಾನೆ. ಅಲ್ಲಿಗೆ ಕುಡಿತದ ಮಾತು ಮುಗಿಯಿತು. ಅವಳು ತುಂಬಾ ಹೊತ್ತು ಎಳೆದಾಡಿ ಕೊನೆಗೆ, “ಅಂಕಲ್, ನೀವು ಸಿನಿಮಾದಲ್ಲಿ ಇರ್ಬೇಕಾಗಿತ್ತು” ಎಂದು ಒಪ್ಪಿದಳು. ಸಿನಿಮಾದ ಮೊದಲ ಪ್ರದರ್ಶನಕ್ಕೆ ಆ ಅಣ್ಣತಂಗಿಯನ್ನು ಕರೆಸುವುದೆಂದು ನಾನು ಆವತ್ತೇ ಗದಗಕ್ಕೆ ಹೇಳಿಕಳಿಸಿದೆ. ಸರಕು ಚೆನ್ನಾಗಿದ್ದಾಗ ಗಿರಾಕಿಯನ್ನು ಬೇಗ ಕರೆಯಬೇಕು.

ಶೂಟಿಂಗ್ ಶುರುವಾಯಿತು. ಕೆರೆ ದಂಡೆಯಲ್ಲಿ ಅವನನ್ನು ನಿಲ್ಲಿಸಿ, ದುಃಖದಿಂದ ನೀರು ನೋಡಿ ಎಂದಳು. ಅವನು ಪಾಪ, ನೋಡಿದ. ಎಮ್ಮೆ ಮೇಯಿಸುತ್ತಿದ್ದ ಕೆಂಪಾಪುರದ ಕಡೆಯ ಮುದುಕನೊಬ್ಬ ಅವನ ಪಕ್ಕ ಬಂದು ನಿಂತು ತಾನೂ ನೀರು ನೋಡಿದ.

“ಏನ್ ಸಾಮಿ ಕಳ್ಕಂಡ್ರಿ? ಆಗ್ಲಿಂದ ಇಂಗೇ ನೋಡ್ತಿದ್ದೀರಲ್ಲ?”

“ಹಾಡು ಕಳಕೊಂಡೀನ್ರಿ ಯಜಮಾನ್ರ.”

“ಅಯ್, ಅದೇನ್ ಮುಳುಗ್ತದಾ? ತೇಲ್ಕಂಡ್ ಬತ್ತದೆ ಬುಡಿ.”

ಇಬ್ಬರೂ ಗಟ್ಟಿಯಾಗಿ ನಕ್ಕರು. ಡೈರೆಕ್ಟರ್ ಹುಡುಗಿ ತಲೆ ಹಿಡಿದುಕೊಂಡಳು; ಫಿಲ್ಮ್ ದುಬಾರಿ. ಆ ನಗುವನ್ನು ನನ್ನ ಲೆಕ್ಕಕ್ಕೆ ಹಾಕಿಕೊಂಡೆ.

ಕೊನೆಯ ದಿನ ಔಟ್‌ಹೌಸಿನ ಅಂಗಳ. ಹಸಿರು ಬಣ್ಣದ ಕಬ್ಬಿಣದ ಕುರ್ಚಿಯಲ್ಲಿ ಅವನು. ಕ್ಯಾಮೆರಾದ ಹಿಂದೆ ನಾನು. ಒಪ್ಪಂದದ ಪ್ರಶ್ನೆಯನ್ನೇ ಅವಳು ಕೇಳಿದಳು. ಅವನು ಒಪ್ಪಂದದ ಉತ್ತರವನ್ನೇ ಕೊಟ್ಟ. “ಆ ದಿನ ನಾ ಕುಡದಿದ್ದಿಲ್ರಿ.” ನಾನು ಉಸಿರು ಬಿಟ್ಟೆ. ಅವನು ನಿಲ್ಲಿಸಲಿಲ್ಲ.

“ಆದ್ರ ಇಷ್ಟ ಹೇಳಿ ಸುಮ್ನಾದ್ರ ಅದೂ ಸುಳ್ಳ ಆಕ್ಕೈತಿ…”

ನಾನು ಕೈಬೀಸಿದೆ. ನೋಡಲಿಲ್ಲ. ಸದ್ದು ಕೆಡಿಸಲು ನನಗೆ ತಿಳಿದಿದ್ದ ಒಂದೇ ಉಪಾಯ ಮಾಡಿದೆ: ಜೋರಾಗಿ ಕೆಮ್ಮಿದೆ. ಹುಡುಗಿ ನನ್ನನ್ನು ಸುಡುವಂತೆ ನೋಡಿದಳು. ಅವನು ಮಾತ್ರ ತಾಳ್ಮೆಯಿಂದ, “ಮಾಲಕ್ರ, ನಿಮ್ ಕೆಮ್ಮು ಮುಗೀಲ್ರಿ, ನಾ ಕಾಯ್ತೀನಿ” ಎಂದ. ಕಾದ. ಎಷ್ಟು ಹೊತ್ತು ಕೆಮ್ಮಲಾದೀತು?

“ಆಮ್ಯಾಲೆ ಕುಡದೀನಿ. ಭಾಳ ಕುಡದೀನಿ. ಯಾರೂ ಕುಡಿಸಿದ್ದಿಲ್ಲ. ಮಂದಿ ನಕ್ಕರಂತ ಕುಡದೆ ಅಂತ ಹೇಳಬೌದು, ಅದೂ ಪೂರಾ ಖರೇ ಅಲ್ಲ. ಸಂಜಿ ಆಗ್ತಿತ್ತು, ಕುಡೀತಿದ್ದೆ. ಕಾರ್ಖಾನಿಯವ್ರು ಬಂದ್ರ ನನ್ನ ಹೆಣ್ತಿ ಜ್ವರ ಅಂತಿದ್ಲು. ಆಕಿ ಹಂಗ ಹೇಳೂಮುಂದ ನಾ ಬಾಗ್ಲ ಹಿಂದ ನಿಂತು ಕೇಳ್ತಿದ್ದೆ. ನನಗ ಜ್ವರ ಬಂದಿದ್ದಿಲ್ಲ. ಒಂದ ಸಲಾನೂ ಬಂದಿದ್ದಿಲ್ಲ. ಆ ಸುಳ್ಳು ಆಕೀದಲ್ರಿ. ನಂದು. ಆಕಿ ಬಾಯಿಲೆ ಹೇಳಿಸೀನಿ.”

ಕ್ಯಾಮೆರಾ ನಿಂತ ಮೇಲೆ ಅವನ ಮೇಲೆ ಹಾರಿದೆ. “ಏನ್ ಗುರುವೇ ಇದು? ಅಷ್ಟು ಕಷ್ಟಪಟ್ಟು ಬಾಟ್ಲಿ ತಪ್ಪಿಸಿದೆ ನಾನು. ನೀನು ಬ್ಯಾರಲ್ಲೇ ತಂದಿಟ್ಯಲ್ಲಪ್ಪ!”

“ಅರ್ಧ ತೂಕ ಹಾಕಿ ಪೂರಾ ಮಾಲು ಅಂತ ಮಾರಿದಂಗ ಆಕ್ಕಿತ್ತರೀ ಮಾಲಕ್ರ.”

“ಅವಳು ಬರಲ್ಲ ಹೋಗು. ನೀನೇ ಕೈಯಾರ ಕಳ್ಕೊಂಡೆ.”

ಅವನ ಮುಖ ಸಣ್ಣದಾಯಿತು. ಅವನಿಗೂ ಅದೇ ಭಯ ಎಂದು ಆಗ ತಿಳಿಯಿತು; ಭಯವಿದ್ದೂ ಹೇಳಿದ್ದ. ಆ ಭಾಗ ಕತ್ತರಿಸಿ ಎಂದು ಡೈರೆಕ್ಟರ್ ಹುಡುಗಿಯನ್ನು ಗೋಗರೆದೆ. “ಅಂಕಲ್, ಅದು ನಮ್ಮ ಬಾರ್ಗೇನ್‌ನಲ್ಲಿ ಇರ್ಲಿಲ್ಲ. ಅವ್ರೇ ಫ್ರೀಯಾಗಿ ಕೊಟ್ಟಿದ್ದು” ಎಂದಳು. ನನ್ನ ಹತ್ತಿರವೇ ಕಲಿತ ವಿದ್ಯೆ.

ಬರಬೇಡಿ ಎಂದು ಗದಗಕ್ಕೆ ಹೇಳಿಕಳಿಸೋಣವೆಂದರೆ ಇವನೇ ತಡೆದ. ಅಣ್ಣತಂಗಿ ಬಂದೇಬಿಟ್ಟರು. ಯಶವಂತಪುರ ಸ್ಟೇಷನ್ನಿನಲ್ಲಿ ನಾನೇ ಇಳಿಸಿಕೊಂಡೆ. ಆಕೆ ಸೊರಗಿದ್ದಳು. ಅಣ್ಣ ದಾರಿಯುದ್ದಕ್ಕೂ ಸಿಟಿಯಲ್ಲಿ ಮೆಣಸಿನಕಾಯಿಯ ಧಾರಣೆ ವಿಚಾರಿಸಿದ. ಕೊನೆಗೆ, “ನೋಡೂಣ್ರಿ, ಪಿಕ್ಚರ್‌ನ್ಯಾಗ ಹೆಂಗ ಕಾಣ್ತಾನ” ಎಂದ. ನಾನು ಮಾತನ್ನು ಮತ್ತೆ ಮೆಣಸಿನಕಾಯಿಯ ಧಾರಣೆಗೇ ತಿರುಗಿಸಿದೆ.

ಸಣ್ಣ ಹಾಲು, ಮಡಚುವ ಕುರ್ಚಿಗಳು, ಬಿಳಿ ಪರದೆ. ಅವನು ಒಳಗೆ ಕೂರಲು ಒಪ್ಪದೆ ಬಾಗಿಲ ಬಳಿಯೇ ನಿಂತ. ಎಮ್ಮೆಯ ಮುದುಕ ಬಂದಾಗ ಹಾಲೆಲ್ಲ ನಕ್ಕಿತು. ಆ ಹುಡುಗಿ ಆ ಶಾಟನ್ನು ಬಿಟ್ಟಿರಲಿಲ್ಲ. ಪರದೆಯ ಮೇಲೆ ಅವನು ರೊಟ್ಟಿ ಬಡಿಯುವಾಗ ಅವನ ಹೆಂಡತಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, “ದಪ್ಪ ಆತು” ಎಂದು ತನಗೇ ಹೇಳಿಕೊಂಡಳು. ಆಮೇಲೆ ಹಸಿರು ಕುರ್ಚಿ ಬಂತು. ನನ್ನ ಕೆಮ್ಮೂ ಬಂತು, ಅದನ್ನೂ ಕತ್ತರಿಸಿರಲಿಲ್ಲ. “ಭಾಳ ಕುಡದೀನಿ” ಎಂದಾಗ ಅಣ್ಣ ಎದ್ದುನಿಂತ.

“ನಡಿ ತಂಗಿ. ಸಾಕಿನ್ನ.”

“ಕುಂಡ್ರಪಾ. ಮುಗೀಲಿ.”

ಮುಗಿಯಿತು. ದೀಪ ಹತ್ತಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು. ನಾನು ಹಿಂದೆಯೇ ಓಡಿ ಏನೇನೋ ತೊದಲಿದೆ: ಈಗ ಮುಟ್ಟುವುದಿಲ್ಲಮ್ಮ, ಆಣೆ, ದಿನಾ ನನ್ನ ಕಣ್ಮುಂದೆ ವೈರು ಸುತ್ತುತ್ತಾನೆ…

“ಅಣ್ಣಾರ, ಕುಡದದ್ದಕ್ಕ ಹೋಗಿದ್ದಿಲ್ರೀ ನಾ” ಎಂದಳು. “ಕುಡಿಯೂ ಗಂಡಸರನ್ನ ನಮ್ಮ ಓಣ್ಯಾಗೂ ನೋಡೀನಿ. ನನಗ ಬಾಗ್ಲ ಬಡದ್ರ ಎದಿ ಝಲ್ ಅಂತಿತ್ತು. ಇವತ್ತೇನ್ ಹೇಳ್ಲಿ, ನಿನ್ನಿ ಏನ್ ಹೇಳಿದ್ದೆ, ಯಾರ ಮುಂದ ಯಾವುದು ಹೇಳಿದ್ದೆ… ಸಾಲ್ಯಾಗ ಸಣ್ಣ ಹುಡುಗರಿಗೆ ಸುಳ್ಳ ಹೇಳಬಾರ್ದು ಅಂತ ಕಲಿಸಿ ಮನಿಗೆ ಬಂದು ಅದನ್ನ ಮಾಡ್ತಿದ್ದೆ. ಬಾಯಿ ಸೋತು ಹೋಗಿತ್ತರೀ. ಈಗ ಅವರಾ ಹೇಳ್ಯಾರ, ಇಷ್ಟ ಮಂದಿ ಮುಂದ. ಇನ್ನ ನಾ ಮುಚ್ಚಿಡೂದು ಏನೂ ಉಳದಿಲ್ಲ.”

ನನ್ನ ಚೌಕಾಸಿ ಗೆದ್ದಿದ್ದರೆ, ಸುಳ್ಳಿಗೆ ಬೇಸತ್ತು ಹೋದವಳನ್ನು ಕರೆಯಲು ಇನ್ನೊಂದು ಅಂದವಾದ ಸುಳ್ಳನ್ನೇ ತೋರಿಸಿದಂತಾಗುತ್ತಿತ್ತು. ವ್ಯವಹಾರ ಮುರಿದುಬಿದ್ದು ಲಾಭವಾದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಅವನು ಬಾಗಿಲ ಬಳಿಯಿಂದ ಮೆಲ್ಲನೆ ಬಂದ.

“ಬರ್ತೀಯೇನು?”

“ಊರಾಗೂ ಸಾಲಿ ಕಲಸಾಕತ್ತೀನಿ, ಬ್ಯಾಸಗಿ ಸೂಟಿಗೆ ಬಿಟ್ಟು ಬರ್ತೀನಿ. ಆದ್ರ ಇನ್ನಮ್ಯಾಲೆ ನಿಮ್ಮ ಸಲುವಾಗಿ ನಾ ಒಂದೂ ಸುಳ್ಳ ಹೇಳಂಗಿಲ್ಲ. ಸಣ್ಣದೂ ಹೇಳಂಗಿಲ್ಲ.”

“ಆತು” ಎಂದ. ಎಂದಿನಂತೆ ಚೌಕಾಸಿ ಇಲ್ಲ. ಅಣ್ಣ ನನ್ನ ಮುಖ ನೋಡಿದ, ನಾನು ಅಣ್ಣನ ಮುಖ ನೋಡಿದೆ. ಇಬ್ಬರು ದಲಾಲರಿಗೂ ಅಲ್ಲಿ ಕೆಲಸವಿರಲಿಲ್ಲ.

ಹೇಳಿದಂತೆ ಬಂದಳು. ಆಮೇಲೆ ಅವನು ಅಲ್ಲಿ ಇಲ್ಲಿ ಹಾಡಿದ, ದೊಡ್ಡ ಹೆಸರೇನೂ ಆಗಲಿಲ್ಲ. ಒಂದೆರಡು ಸಲ ಮತ್ತೆ ಜಾರಿದ್ದೂ ಉಂಟು. ಆಗ ಕಾರ್ಖಾನೆಯವರಿಗೆ ತಾನೇ ಎದ್ದು ಹೋಗಿ “ಕುಡದಿದ್ದೆ, ಬರಾಕ ಆಗ್ಲಿಲ್ಲ” ಎಂದು ಹೇಳಿ ಬೈಸಿಕೊಂಡು ಬಂದ. ಬೈಸಿಕೊಳ್ಳುವುದು ಅವನಿಗೆ ಬಲು ಬೇಸರದ ಕೆಲಸ, ಹಾಗಾಗಿ ಜಾರುವುದೂ ನಿಂತಿತು.

ಆಕೆ ಬಂದ ವರ್ಷವೇ ಇರಬೇಕು, ಒಂದು ಭಾನುವಾರ ಕೆಂಪಾಪುರದ ಒಂದು ಮದುವೆ ರಿಸೆಪ್ಷನ್ನಿಗೆ ಅವನನ್ನು ಹಾಡಲು ಒಪ್ಪಿಸೋಣವೆಂದು ಹೋದೆ. ಉಣ್ಣುವವರ ಮುಂದೆ ಹಾಡುವುದೆಂದರೆ ಅವನಿಗಾಗದು, ಕೇಳಿದರೆ ಇಲ್ಲವೆನ್ನಲೂ ಆಗದು. ನನಗೆ ಎರಡೂ ಗೊತ್ತಿತ್ತು; ನಾನು ಯಾಕೆ ಬರುತ್ತೇನೆಂದು ಅವನಿಗೂ ಗೊತ್ತಿತ್ತು. ಅಂಗಳದಲ್ಲಿ ನನ್ನ ಸೈಕಲ್ಲಿನ ಸದ್ದು ಕೇಳಿದ್ದೇ ಒಳಗೆ ಏನೋ ದಡಬಡ ಆಯಿತು. ಬಾಗಿಲು ತಟ್ಟಿದೆ. ಆಕೆ ತೆರೆದಳು, ಕೈಯಲ್ಲಿ ಮೊರ.

“ಇದಾನೇನಮ್ಮ?”

“ಒಳಗ ಅದಾರ್ರಿ. ‘ಇಲ್ಲ ಅಂತ ಹೇಳು’ ಅಂತ ಹೇಳಿ ಮಂಚದ ಆ ಕಡೆ ಕುಂತಾರ. ಬರ್ರಿ ಅಣ್ಣಾರ, ಚಾ ಮಾಡ್ತೀನಿ.”